ಟಚಿಂಗ್ ಇಲ್ಲದ ಫೋಟೋ

ನಾನು ಗ್ಯಾನಪ್ಪ, ಹುನಗುಂದದ ಫೋಟೋ ಸ್ಟುಡಿಯೋದವನು. "ರೆಡಿ" ಎನ್ನದೆ ಬಟನ್ ಒತ್ತುವುದು ನನ್ನ ಬೆರಳಿಗೆ ಗೊತ್ತೇ ಇರಲಿಲ್ಲ. ಈ ಮರ್ಯಾದೆ ಬೆಳ್ಳಕ್ಕಿಗಳಿಗೆ ಹಿಡಿಸುವುದಿಲ್ಲವೆಂದು ತಿಳಿದದ್ದು ಎಂಬತ್ನಾಲ್ಕರ ಜನವರಿಯಲ್ಲಿ, ಕೂಡಲಸಂಗಮದ ಹೊಳೆದಂಡೆಯಲ್ಲಿ.

ಬಾಗಲಕೋಟೆಯ ನಿವೃತ್ತ ವಿಜ್ಞಾನ ಶಿಕ್ಷಕ ರಾಚಯ್ಯ ಮಾಸ್ತರರು ಹೊಳೆಹಕ್ಕಿಗಳ ಫೋಟೋ ತೆಗೆಯುವುದನ್ನು ಮೂರು ದಿನ ಕಲಿಸುತ್ತೇನೆಂದು ಆರು ಜನರನ್ನು ಕೂಡಿಸಿದ್ದರು. ಒಬ್ಬರಿಗೆ ಒಂದೇ ರೋಲ್, ಮೂವತ್ತಾರು ಫೋಟೋ. ಇಬ್ಬರಿಗೆ ಒಂದು ಗೋಣಿತಾಟಿನ ಗುಡಿಸಲು. ಅದರೊಳಗೆ ಅಡಗಿ ಕುಳಿತು, ಉಸಿರು ಬಿಗಿಹಿಡಿದು, ಕಿಂಡಿಯಿಂದ ಫೋಟೋ ಹೊಡೆಯಬೇಕು.

ನನಗೆ ಜೋಡಿಯಾಗಿ ಸಿಕ್ಕವರು ಇಳಕಲ್ಲಿನ ಹೈಸ್ಕೂಲ್ ಟೀಚರ್ ಬನಶಂಕರಿ. ಅವರ ಬೆನ್ನಿಗೆ ಸೋದರತ್ತೆ ಲಕ್ಕವ್ವ. ಮದುವೆಯಾಗದ ಹುಡುಗಿಯನ್ನು ಒಬ್ಬಳನ್ನೇ ಹೊಳೆಗೆ ಕಳಿಸಲಾದೀತೇ ಎಂದು ಕಾವಲಿಗೆ ಬಂದಿದ್ದ ಲಕ್ಕವ್ವ ನಮ್ಮಿಬ್ಬರ ನಡುವೆ ಗಟ್ಟಿಯಾಗಿ ಕುಳಿತರು, ಹತ್ತು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದರು. ಹಕ್ಕಿಗಳು ಆ ಗೊರಕೆಗೆ ಹೆದರಲಿಲ್ಲ.

ಹೆದರಿದ್ದು ನನಗೆ. ಒಂದು ಬೆಳ್ಳಕ್ಕಿ ಕಿಂಡಿಯ ಎದುರಿಗೇ ಬಂದು ನಿಂತಿತ್ತು. ಬೀಗರ ಮನೆಗೆ ಬಂದವರಂತೆ ನೆಟ್ಟಗೆ ನಿಂತಿತ್ತು. ನನ್ನ ಬಾಯಿಂದ "ರೆಡಿ, ಅಲುಗಾಡಬ್ಯಾಡ್ರಿ" ಎಂದು ಹೊರಟೇ ಹೋಯಿತು. ಫೋಟೋದಲ್ಲಿ ಬಂದದ್ದು ಬಾಲ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಬಾಲಗಳಾದವು.

"ಗದ್ದ ಸ್ವಲ್ಪ ಎತ್ತು ಅಂತನೂ ಹೇಳ್ರಿ," ಎಂದು ಲಕ್ಕವ್ವನ ತಲೆಯ ಮೇಲಿಂದ ಪಿಸುದನಿ ಬಂತು.

ತಿರುಗಿ ನೋಡಿದೆ. ಬನಶಂಕರಿ ಕ್ಯಾಮೆರಾದಿಂದ ಕಣ್ಣು ತೆಗೆದಿರಲಿಲ್ಲ, ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಗು ತಡೆಯುತ್ತಿದ್ದರು. ಗದ್ದದ ಎಡಕ್ಕೆ ತೊಗರಿಕಾಳಿನಷ್ಟು ಮಚ್ಚೆ. ನಗುವಿಗೆ ಅದೂ ನಡುಗುತ್ತಿತ್ತು. ನನಗೆ ಆಗಲೇ ಎದೆಯಲ್ಲಿ ಏನೋ ಆಯಿತು, ಆದರೆ ನನ್ನೊಳಗಿನ ಅಂಗಡಿಕಾರ ಮೊದಲು ಬಾಯಿ ತೆರೆದ.

ನಮ್ಮ ಸ್ಟುಡಿಯೋದಲ್ಲಿ ಫೋಟೋ ತೆಗೆಯುವುದು ಹೆಚ್ಚಾಗಿ ಅಪ್ಪ. ಟಚಿಂಗ್ ಪೂರ್ತಿ ನನ್ನದು. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ಲಿನಿಂದ ಗೀಚಿ ಮೊಡವೆ, ಕಲೆ, ಸುಕ್ಕು ಎಲ್ಲ ಮಾಯ ಮಾಡುತ್ತಿದ್ದೆ. ಹುನಗುಂದ ತಾಲೂಕಿನ ಅರ್ಧ ಹೆಣ್ಣುಮಕ್ಕಳು ನನ್ನ ಪೆನ್ಸಿಲ್ಲಿನಿಂದಲೇ ಗಂಡನ ಮನೆ ಸೇರಿದ್ದಾರೆಂದು ಹೇಳಿಕೊಳ್ಳುತ್ತಿದ್ದೆ. ಅದನ್ನೇ ಬನಶಂಕರಿಯವರಿಗೂ ಹೇಳಿದೆ. ಅಂಗಡಿಗೆ ಬಂದರೆ ಅವರ ಮಚ್ಚೆಯನ್ನೂ ತೆಗೆದುಕೊಡುತ್ತೇನೆ, ಹೋದ ವರ್ಷ ಇಂಥದ್ದೇ ಒಂದನ್ನು ತೆಗೆದ ಫೋಟೋ ನಮ್ಮ ಶೋಕೇಸಿನಲ್ಲಿದೆ, ದಿನಾ ಬೆಳಿಗ್ಗೆ ಗಾಜು ಒರೆಸುವಾಗ ಅದರ ಮುಖ ನೋಡಿಯೇ ನಾನು ಬಾಗಿಲು ತೆರೆಯುವುದು, ಅಂಥ ಹುಡುಗಿ ಸಿಕ್ಕರೆ ನಾಳೆಯೇ ಮದುವೆಯಾಗುತ್ತೇನೆ. ಹೊಳೆಯ ಕಡೆ ನೋಡುತ್ತ ಇಷ್ಟೂ ಒದರಿದೆ.

"ಆ ಫೋಟೋದಾಗ ಬೆಂಡೋಲಿ ಹೆಂಗದಾವ್ರಿ?" ಎಂದು ಅವರು ಕೇಳಿದರು.

ಮುತ್ತಿನ ಬೆಂಡೋಲೆ, ಬಲಗಿವಿಯದರಲ್ಲಿ ಒಂದು ಮುತ್ತು ಬಿದ್ದುಹೋಗಿತ್ತು, ಅದನ್ನೂ ನಾನೇ ಪೆನ್ಸಿಲ್ಲಿನಿಂದ ತುಂಬಿದೆ ಎಂದು ಹೆಮ್ಮೆಯಿಂದ ಹೇಳಿದೆ.

ಬನಶಂಕರಿ ಸೆರಗು ಸರಿಸಿ ಬಲಗಿವಿಯನ್ನು ನನ್ನ ಕಡೆ ತಿರುಗಿಸಿದರು. ಬೆಂಡೋಲೆಯಲ್ಲಿ ಒಂದು ಮುತ್ತು ಇರಲಿಲ್ಲ.

ಒಂದು ವರ್ಷ ದಿನಾ ನೋಡಿದ ಮುಖ ಮಾರು ದೂರದಲ್ಲಿ ಕುಳಿತಿದ್ದರೂ ನನಗೆ ಗುರುತು ಸಿಕ್ಕಿರಲಿಲ್ಲ. ನಾನು ಬಲ್ಲ ಹುಡುಗಿಗೆ ಮಚ್ಚೆಯೂ ಇರಲಿಲ್ಲ, ನಗುವೂ ಇರಲಿಲ್ಲ. ನೆಲ ಬಾಯಿಬಿಟ್ಟರೆ ಸಾಕು ಅನಿಸಿತು.

ಉಳಿದದ್ದನ್ನು ಅವರು ತಣ್ಣಗೆ ಹೇಳಿದರು. ಆ ಫೋಟೋ ನೋಡಿ ಮೆಚ್ಚಿ ಬಾದಾಮಿಯಿಂದ ಗಂಡಿನವರು ಬಂದಿದ್ದರು. ಗಂಡಿನ ತಾಯಿ ಚೀಲದಿಂದ ಫೋಟೋ ತೆಗೆದು ಇವರ ಮುಖದ ಪಕ್ಕ ಹಿಡಿದು, ಅದನ್ನೂ ಇದನ್ನೂ ನೋಡಿ, ಫೋಟೋದಲ್ಲಿರುವ ತಂಗಿ ಒಳಗಿದ್ದಾಳೇನು ಎಂದು ಕೇಳಿದ್ದರು. ಮೋಸ ಮಾಡಿದಿರಿ ಎಂದು ಚಹಾ ಕುಡಿಯದೆ ಎದ್ದು ಹೋಗಿದ್ದರು.

"ನಮ್ಮಪ್ಪ ಸೀರ್ಯಾಗ ಒಂದು ಎಳಿ ಸುಳ್ಳು ನೇಯ್ದಾಂವಲ್ಲ. ಅವತ್ತ ಅವರ ಮುಂದ ಕೈ ಮುಗದು ನಿಂತಿದ್ದ. ಮದುವಿ ಮುರದಿದ್ದು ನಂಗೇನೂ ಅನಸ್ಲಿಲ್ರಿ. ಅದು ಅನಸ್ತು." ಆಮೇಲೆ ಮೆಲ್ಲಗೆ ಸೇರಿಸಿದರು, "ನೀವು ಮದುವಿ ಆಗ್ತೇನಿ ಅಂದಾಕಿ ಎಲ್ಲೂ ಇಲ್ಲ. ಆಕಿನ್ನ ನೀವ ಮಾಡೀರಿ."

ಮರುದಿನ ನಾನು ಯಾವ ಹಕ್ಕಿಯನ್ನೂ ನೋಡಲಿಲ್ಲ, ಬರಿ ನೀರಿಗೇ ರೆಡಿ ಹೇಳಿ ಬಟನ್ ಒತ್ತಿದೆ. ಯಾತ್ರಿಕರ ಅಂಗಡಿಯಿಂದ ಒಂದು ಪೊಟ್ಟಣ ಅಮೀನಗಡದ ಕರದಂಟು ತಂದು ತಪ್ಪೊಪ್ಪಿಗೆಯೆಂದು ಅವರ ಮುಂದೆ ಇಟ್ಟೆ. ಲಕ್ಕವ್ವ ಎಚ್ಚರವಾಗಿ ಅಷ್ಟನ್ನೂ ಮುಗಿಸಿ, ಹುಡುಗ ಛಲೋ ಇದ್ದಾನೆ ಎಂದು ಮತ್ತೆ ಮಲಗಿದರು. ಶೋಕೇಸಿನ ಫೋಟೋ ಇಳಿಸುತ್ತೇನೆ, ನೆಗೆಟಿವ್ ತಂದುಕೊಡುತ್ತೇನೆ ಎಂದೆ.

"ತಂದು ಏನ್ ಮಾಡ್ತೀರಿ? ಮಚ್ಚಿ ತಿರಗಿ ಹಚ್ತೀರೇನು?"

ಇನ್ನೊಂದೇ ದಿನ ಉಳಿದಿತ್ತು. ಈ ಹುಡುಗಿ ಇದೇ ಸಿಟ್ಟಿನಲ್ಲಿ ಇಳಕಲ್ಲಿನ ಬಸ್ಸು ಹತ್ತಿದರೆ ಮುಂದೆ ನಾನು ಯಾವ ಮುಖ ಹೊತ್ತು ಆ ಊರಿಗೆ ಹೋಗಲಿ? ಶೋಕೇಸಿನವಳು ನನಗೆ ಬೇಡವಾಗಿದ್ದಳು. ಸೆರಗು ಕಚ್ಚಿಕೊಂಡು ನಕ್ಕವಳು ಬೇಕಾಗಿದ್ದಳು.

ಕೊನೆಯ ದಿನ ಮಾಸ್ತರರು ನಮ್ಮನ್ನು ಅಂಬಿಗ ಹುಸೇನಪೀರನ ಹರಗೋಲಿನಲ್ಲಿ ಕೂರಿಸಿದರು. ಲಕ್ಕವ್ವ ನೀರಿಗೆ ಹೆದರಿ ದಂಡೆಯಲ್ಲೇ ಉಳಿದರು. ನನ್ನ ರೋಲಿನಲ್ಲಿ ಒಂದೇ ಫೋಟೋ ಬಾಕಿ. ಅಷ್ಟರಲ್ಲಿ ಕಪ್ಪುಬಿಳಿ ಮಿಂಚುಳ್ಳಿಯೊಂದು ಬಂದು ನೀರಿನ ಮೇಲೆ ಗಾಳಿಯಲ್ಲೇ ನಿಂತಿತು. ರೆಕ್ಕೆ ಮಾತ್ರ ಪಟಪಟ, ಕೊಕ್ಕು ಕೆಳಗೆ, ಇನ್ನೇನು ಬೀಳಬೇಕು. ಹೊಡಿ ಎಂದು ಮಾಸ್ತರರು ಸನ್ನೆ ಮಾಡಿದರು.

ಕ್ಯಾಮೆರಾ ಎತ್ತಿದೆ. ಎದುರಿಗೆ ಕುಳಿತ ಬನಶಂಕರಿ ಆ ಹಕ್ಕಿಯನ್ನು ಬಾಯಿ ತೆರೆದು ನೋಡುತ್ತಿದ್ದರು. ಸೆರಗು ಜಾರಿತ್ತು, ಕೂದಲು ಗಾಳಿಗೆ ಕೆದರಿತ್ತು, ಬಿಸಿಲು ನೇರವಾಗಿ ಮಚ್ಚೆಯ ಮೇಲೆ ಬಿದ್ದಿತ್ತು. ಕ್ಯಾಮೆರಾ ತಾನಾಗಿ ಅವರ ಕಡೆ ತಿರುಗಿತು. ನಾನು "ರೆಡಿ" ಅನ್ನಲಿಲ್ಲ.

ಕ್ಲಿಕ್ ಕೇಳಿ ಅವರು ತಿರುಗಿದರು. "ಹಕ್ಕಿ ಆ ಕಡಿ ಐತಿ."

"ಗೊತ್ತೈತ್ರಿ," ಎಂದೆ.

ಅವರ ಕಿವಿ ಕೆಂಪಾಯಿತು. ಅದನ್ನು ಕಂಡು ಧೈರ್ಯ ಬಂದು, ಕ್ಷಮೆ ಕೇಳಲೆಂದು ಎದ್ದು ನಿಂತೆ. ಹರಗೋಲಿನಲ್ಲಿ ಎದ್ದು ನಿಲ್ಲಬಾರದೆಂದು ಹುಸೇನಪೀರ ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿದ್ದ. ಮರುಕ್ಷಣ ನಾನು ಎದೆಮಟ್ಟದ ನೀರಿನಲ್ಲಿದ್ದೆ, ಕ್ಯಾಮೆರಾ ಮಾತ್ರ ಮೇಲೆತ್ತಿದ ಕೈಯಲ್ಲಿತ್ತು.

ಇಲ್ಲಿ ಒಂದು ಗುಟ್ಟು ಹೇಳಬೇಕು. ನನ್ನ ಕಿವಿಗಳು ಭಾರಿ ದೊಡ್ಡವು. ಅವನ್ನು ಮುಚ್ಚಲೆಂದೇ ಉದ್ದ ಕೂದಲು ಬಿಟ್ಟಿದ್ದೆ, ನನ್ನ ಫೋಟೋಗಳಲ್ಲಿ ಪೆನ್ಸಿಲ್ಲಿನಿಂದ ಅವನ್ನು ಅರ್ಧಕ್ಕೆ ಇಳಿಸಿದ್ದೆ. ಈಗ ಒದ್ದೆ ಕೂದಲು ತಲೆಗೆ ಅಂಟಿ ಎರಡೂ ಕಿವಿ ಮೊರದಂತೆ ಹೊರಗೆ ನಿಂತವು. ಹರಗೋಲಿನಿಂದ ಕ್ಲಿಕ್ ಎಂಬ ಸದ್ದು ಬಂತು.

ರೆಡಿ ಅನ್ನಲೇ ಇಲ್ಲವಲ್ಲ ಎಂದು ದೂರಿದೆ.

"ನೀವು ಅಂದಿದ್ರೇನು?" ಎಂದು ಬನಶಂಕರಿ ನಕ್ಕರು. ಈ ಸಲ ಸೆರಗು ಕಚ್ಚಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಬಾಗಲಕೋಟೆಯ ಮಾಸ್ತರರ ಮನೆಯಲ್ಲಿ ಎಲ್ಲರೂ ಸೇರಿದೆವು. ರೋಲುಗಳನ್ನೆಲ್ಲ ಅವರೇ ತೊಳೆದು ಪ್ರಿಂಟ್ ಹಾಕಿದ್ದರು. ನನ್ನವು ಮೂವತ್ತೈದು ಬಾಲ ಮತ್ತು ನೀರು. ಮೂವತ್ತಾರನೆಯದನ್ನು ಮಾಸ್ತರರು ಕನ್ನಡಕ ಏರಿಸಿ ನೋಡಿ, ಇದು ಯಾವ ಜಾತಿಯ ಹಕ್ಕಿ ಎಂದು ಕೇಳಿ, ಏನೂ ತಿಳಿಯದವರಂತೆ ಬನಶಂಕರಿಯವರ ಕೈಗೆ ಕೊಟ್ಟು ಚಹಾ ತರಲು ಒಳಗೆ ಹೋದರು.

ಬನಶಂಕರಿ ಬಹಳ ಹೊತ್ತು ನೋಡಿದರು. ಬೆರಳು ಮಚ್ಚೆಯ ಮೇಲೆ ಹೋಗಿ ನಿಂತಿತು.

"ಅದರಾಗ ನನ್ನ ಕೈ ಇಲ್ರಿ," ಎಂದೆ. "ನೀವು ಇದ್ದಂಗ ಇದ್ದೀರಿ. ನಂಗ ಹಿಂಗ ಬೇಕು. ಈ ಫೋಟೋ ನಮ್ಮ ಮನಿಗಿ ಕಳಸ್ರಿ."

ಅವರು ಫೋಟೋವನ್ನು ಚೀಲದಲ್ಲಿಟ್ಟುಕೊಂಡರು. "ನಮ್ಮ ಮನಿಯಿಂದ ಇನ್ನ ಯಾರಿಗೂ ಫೋಟೋ ಹೋಗೂದಿಲ್ಲ. ಬೇಕನ್ನಾವ್ರು ತಮ್ದ ಕಳಸ್ಲಿ."

ಸ್ಟುಡಿಯೋದಲ್ಲಿ ನನ್ನ ಒಳ್ಳೊಳ್ಳೆಯ ಫೋಟೋಗಳಿವೆ ಎಂದು ಉತ್ಸಾಹದಿಂದ ಹೇಳಿದೆ.

"ಅವು ಬ್ಯಾಡ. ನನ್ನ ಹತ್ರ ಒಂದೈತಿ," ಎಂದು ತಮ್ಮ ಪ್ರಿಂಟು ತೋರಿಸಿದರು. ಅದರಲ್ಲಿ ಹೊಳೆಗಿಂತ ಕಿವಿಗಳೇ ಹೆಚ್ಚಾಗಿದ್ದವು.

ಹದಿನೈದು ದಿನಕ್ಕೆ ಅಪ್ಪನನ್ನು ಕರೆದುಕೊಂಡು ಇಳಕಲ್ಲಿಗೆ ಹೋದೆ. ನಾವೂ ನೇಕಾರರೇ, ಅಜ್ಜನ ಕಾಲಕ್ಕೆ ಮಗ್ಗ ಬಿಟ್ಟವರು, ಹಾಗಾಗಿ ಜಾತಿಯ ಮಾತು ಬಾಗಿಲಲ್ಲೇ ಮುಗಿಯಿತು. ಚಾಪೆಯ ಮೇಲೆ ಕುಳಿತೆ. ಬನಶಂಕರಿಯ ತಂದೆ ಮಗ್ಗದಿಂದ ಎದ್ದು ಬಂದು, ಆ ಹೊಳೆಯ ಫೋಟೋವನ್ನು ನನ್ನ ಮುಖದ ಪಕ್ಕ ಹಿಡಿದರು. ಅದನ್ನು ನೋಡಿದರು, ನನ್ನನ್ನು ನೋಡಿದರು. ಮನೆಯವರೆಲ್ಲ ನೋಡಿದರು. ಆ ಹುಡುಗಿ ಹೋದ ವರ್ಷ ಇದೇ ಚಾಪೆಯ ಮೇಲೆ ಏನು ಅನುಭವಿಸಿದ್ದಳೆಂದು ನನಗೆ ಆಗ ಪೂರ್ತಿ ಅರ್ಥವಾಯಿತು.

"ಕೂದ್ಲಾ ಹಿಂದ ಸರಸಪಾ," ಎಂದು ಬನಶಂಕರಿಯ ತಂದೆ ಹೇಳಿದರು.

ಬೆಳಿಗ್ಗೆ ಎಣ್ಣೆ ಹಚ್ಚಿ ಕಿವಿ ಮುಚ್ಚಿ ಬಾಚಿದ್ದೆ. ಎರಡೂ ಕೈಯಿಂದ ಹಿಂದಕ್ಕೆ ಸರಿಸಿದೆ.

"ರೆಡಿ," ಎಂದು ಒಳಬಾಗಿಲ ಹಿಂದಿನಿಂದ ಒಂದು ದನಿ ಬಂತು. "ಅಲುಗಾಡಬ್ಯಾಡ್ರಿ."

ನಾನು ಅಲುಗಾಡಲಿಲ್ಲ. ತಂದೆ ಇನ್ನೊಮ್ಮೆ ಎರಡು ಕಡೆಯ ಕಿವಿಗಳನ್ನೂ ತಾಳೆ ನೋಡಿ, "ಖರೇ ಅದಾನ," ಎಂದು ಫೋಟೋವನ್ನು ಲಕ್ಕವ್ವನ ಕೈಗಿತ್ತರು. ಲಕ್ಕವ್ವ ನನ್ನ ಮುಂದೆ ಕರದಂಟಿನ ತಟ್ಟೆ ಇಟ್ಟರು. ಈ ಸಲ ಅದರಲ್ಲಿ ನನಗೂ ಒಂದು ತುಂಡು ಉಳಿದಿತ್ತು.