ಯಜಮಾನ್ರು ಒಳಗೆ ಬನ್ನಿ

“ಯಜಮಾನ್ರು ಒಳಗೆ ಬನ್ನಿ!”

ಪ್ರಾಣಿಗಳ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಎರಡು ಗಂಟೆಯಿಂದ ತೂಕಡಿಸುತ್ತಿದ್ದ ಟೈಲರಮ್ಮ ಧಡಕ್ಕನೆ ಎದ್ದಳು. ಕೈಯಲ್ಲಿ ಅವಳ ಮುದಿ ನಾಯಿ ದೊರೆಯ ಬೆಲ್ಟು. ದೊರೆಗೆ ಎಡಗಣ್ಣು ಆಗಲೇ ಹೋಗಿತ್ತು, ಈಗ ಬಲಗಣ್ಣೂ ಕೆಂಪಗಾಗಿತ್ತು.

“ನೀವಲ್ಲಮ್ಮ, ಯಜಮಾನ್ರು,” ಎಂದಳು ನರ್ಸ್.

“ನಾನೇ. ನಾಯಿ ನಂದು.”

“ಅಯ್ಯೋ, ನಾಯಿಗಲ್ಲ, ನಿಮಗೆ! ಹಿಡ್ಕೊಳ್ಳೋಕೆ ಗಟ್ಟಿ ಕೈ ಬೇಕು,” ಎನ್ನುತ್ತ ನರ್ಸ್ ಪಕ್ಕದಲ್ಲಿ ಕೂತಿದ್ದ ವಾಚ್ ರಿಪೇರಿಯವನತ್ತ ಬೆರಳು ತೋರಿದಳು.

ನಮ್ಮ ಮಾತಿನಲ್ಲಿ ನಾಯಿಗಿರುವವನೂ ಯಜಮಾನ, ಹೆಂಗಸಿಗಿರುವವನೂ ಯಜಮಾನ. ನರ್ಸಮ್ಮನ ತಪ್ಪೇನೂ ಇಲ್ಲ ಬಿಡಿ. ವಾಚಿನವನೋ ಕಿವಿಯ ತುದಿಯವರೆಗೂ ಕೆಂಪಾದ. ಟೈಲರಮ್ಮನ ಪಕ್ಕದ ಅಂಗಡಿ ಅವನದು. ಇವತ್ತು ಶಟರ್ ಎಳೆದು ಜೊತೆಗೆ ಬಂದಿದ್ದ, ಅಷ್ಟೇ.

“ಇವರು ನನಗೇನೂ ಅಲ್ಲ,” ಎಂದುಬಿಟ್ಟಳು ಟೈಲರಮ್ಮ. ಸುಸ್ತಿಗೆ ಮಾತಿನ ಹದ ತಪ್ಪಿತ್ತು. ಅವನು ನೆಲ ನೋಡಿದ. ಆದರೂ ಎದ್ದು, ದೊರೆಯನ್ನು ಒಳಗೆ ಎತ್ತಿಕೊಂಡು ಹೋಗಿ ಮೇಜಿನ ಮೇಲೆ ನಿಲ್ಲಿಸಿದ.

ಡಾಕ್ಟರ್ ಕಣ್ಣಿನೊಳಗಿನ ಒತ್ತಡ ಅಳೆದು ನಿಟ್ಟುಸಿರಿಟ್ಟರು. “ಈ ಕಣ್ಣಾದ್ರೂ ಉಳೀಬೇಕು ಅಂದ್ರೆ ದಿನಕ್ಕೆ ಮೂರು ಸಲ ಡ್ರಾಪ್ಸ್. ಎರಡು ಬಾಟಲಿ. ಒಂದು ಹಾಕಿ, ಐದು ನಿಮಿಷ ಬಿಟ್ಟು ಇನ್ನೊಂದು. ಒಬ್ರು ಹಿಡೀಬೇಕು, ಒಬ್ರು ಹಾಕ್ಬೇಕು. ಮನೇಲಿ ಇನ್ನೊಬ್ರು ಇದ್ದಾರಲ್ಲ?”

ಇನ್ನೊಬ್ಬರು! ಎಂಟು ವರ್ಷ ಹಾಸಿಗೆ ಹಿಡಿದಿದ್ದ ಅಮ್ಮನನ್ನು ಒಬ್ಬಳೇ ನೋಡಿಕೊಂಡಿದ್ದಳು. ಹೋದ ವರ್ಷ ಅಮ್ಮನೂ ಹೋದಮೇಲೆ ಅವಳ ಪಾಲಿಗೆ ಉಳಿದದ್ದು ಈ ನಾಯಿ ಒಂದೇ. ಅಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

“ನಾನಿದ್ದೀನಿ,” ಎಂದ ವಾಚಿನವನು. “ಐದು ನಿಮಿಷ ಅಂದ್ರೆ ಕರೆಕ್ಟಾಗಿ ಐದೇ ನಿಮಿಷ, ಡಾಕ್ಟ್ರೇ. ನನ್ನ ಕಸುಬೇ ಅದು.”

ಅಂದಿನಿಂದ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅವನು ತಪ್ಪದೆ ಅವಳ ಅಂಗಡಿಗೆ ಬಂದ. ಅವಳು ದೊರೆಯ ತಲೆಯನ್ನು ಎದೆಗೊತ್ತಿ ಹಿಡಿಯುವಳು. ವಾಚಿಗೆ ಕೂದಲೆಳೆಯಂಥ ಮುಳ್ಳು ಕೂರಿಸಿ ಪಳಗಿದ ಅವನ ಬೆರಳು ಒಂದು ಹನಿಯನ್ನೂ ಚೆಲ್ಲದು. ಆಮೇಲೆ ಆ ಐದು ನಿಮಿಷ. ಹೊಲಿಗೆ ಮಿಷನ್ನಿನ ಆಚೀಚೆ ಇಬ್ಬರೂ ಸುಮ್ಮನೆ ಕೂರುವರು. ಅವಳು ಕಣ್ಣು ಮುಚ್ಚಿದರೆ ಅವನು ಉಸಿರೂ ಜೋರಾಗಿ ಬಿಡುತ್ತಿರಲಿಲ್ಲ. ಕಣ್ಣು ತೆರೆದರೆ, ಅವಳ ಮುಖದ ಮೇಲಿದ್ದ ನೋಟ ಥಟ್ಟನೆ ಗೋಡೆ ಗಡಿಯಾರಕ್ಕೆ ಹಾರುತ್ತಿತ್ತು.

ಒಂದು ಮಧ್ಯಾಹ್ನ ಅವಳು ಬೆಚ್ಚಿ ಎದ್ದಳು. “ವಾಚಿನವರೇ, ಐದು ನಿಮಿಷ ಆಗಿಲ್ವಾ?”

“ಹನ್ನೆರಡು ನಿಮಿಷ ಆಯ್ತು. ನಿದ್ದೆ ಹೋಗಿದ್ರಿ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ.”

“ಮತ್ತೆ ನಿಮ್ಮ ಕಸುಬು?”

“ನಿಮ್ಮ ಮುಂದೆ ಕೂತ್ರೆ ಕೆಟ್ಟುಹೋಗ್ತಿದೆ.” ಅವನು ತಲೆ ತಗ್ಗಿಸಿದ. “ನೀವಂದ್ರೆ ನಂಗಿಷ್ಟ. ನಾನು ನಿಮಗೇನೂ ಅಲ್ಲ, ಗೊತ್ತು. ಹೇಳಬೇಕು ಅನ್ನಿಸ್ತು, ಹೇಳಿದೆ.”

“ಎರಡನೇ ಬಾಟಲಿ ತಗೊಳ್ಳಿ,” ಎಂದಳಷ್ಟೇ. ದೊರೆಯ ತಲೆಯನ್ನು ಮತ್ತೆ ಎದೆಗೊತ್ತಿಕೊಂಡಳು.

ತಿಂಗಳ ಮೇಲೆ ಮತ್ತೆ ಅದೇ ಬೆಂಚು, ಅದೇ ನರ್ಸ್.

“ಯಜಮಾನ್ರು ಒಳಗೆ ಬನ್ನಿ!”

ಈ ಸಲ ಅವನು ಅಲುಗಲಿಲ್ಲ. ಮರ್ಯಾದೆಯಿಂದ ನಾಯಿಯ ಬೆಲ್ಟನ್ನು ಅವಳತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

“ರೀ...”

ನಾಲ್ಕು ವರ್ಷದಿಂದ ‘ವಾಚಿನವರೇ’ ಎನ್ನುತ್ತಿದ್ದ ಬಾಯಿ! ಬೇರೆ ಯಾರನ್ನೋ ಕರೆದಳೆಂದು ಅವನು ಹಿಂದೆ ತಿರುಗಿ ನೋಡಿದ.

“ನಿಮ್ಮನ್ನೇ ರೀ. ಯಜಮಾನ್ರನ್ನ ಕರೀತಿರೋದು ಕೇಳಿಸ್ಲಿಲ್ವಾ?”

“ನಾಯಿಗಾ... ನಿಮಗಾ?”

“ನನಗೇ. ಹೋಗ್ಬನ್ನಿ. ನಾನಿಲ್ಲಿ ಸ್ವಲ್ಪ ಒರಗ್ತೀನಿ. ಒಬ್ಬಳೇ ಮಾಡಿ ಮಾಡಿ ಸಾಕಾಗಿದೆ.”

ಅವನು ದೊರೆಯನ್ನು ಎತ್ತಿಕೊಂಡು ಒಳಗೆ ಹೋದ. ಟೈಲರಮ್ಮ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಡಾಕ್ಟರ ದನಿ ಕೇಳಿಸಿತು.

“ಒತ್ತಡ ಇಳಿದಿದೆ, ಕಣ್ಣು ಉಳೀತು. ಆದ್ರೆ ಡ್ರಾಪ್ಸ್ ಮಾತ್ರ ಜೀವನಪೂರ್ತಿ ಹಾಕ್ಬೇಕು.”

“ಹಾಕ್ತೀವಿ, ಡಾಕ್ಟ್ರೇ,” ಎಂದರು ಯಜಮಾನರು.