ಕೂಡದೆ ಉಳಿದ ಗೀರು

2025ನೇ ಜುಲೈ 8, ಮಂಗಳವಾರ. ಮಧ್ಯಾಹ್ನ 2.10ಕ್ಕೆ ಕಡಬ ಠಾಣೆಗೆ ಬಂದ ವಸುಮತಿ ಟೀಚರ ಸೆರಗಿನಲ್ಲಿ ಮಕ್ಕಳ ವಾಂತಿ ಒಣಗಿತ್ತು. ಅವರು ಇಚಿಲಂಪಾಡಿ ಸಮೀಪದ ಒಂದು ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕಿ. ಬಿಸಿಯೂಟದ ನಂತರ ಶಾಲೆಯ ಟಾಂಕಿಯ ನೀರು ಕುಡಿದ ಒಂಬತ್ತು ಮಕ್ಕಳು ಆಸ್ಪತ್ರೆ ಸೇರಿದ್ದರು. ತುಟಿ, ನಾಲಿಗೆಯ ಮೇಲೆಲ್ಲ ಗುಳ್ಳೆ ಎದ್ದಿತ್ತು.

"ಯಾರ ಮೇಲಾದರೂ ಸಂಶಯ ಉಂಟಾ ಟೀಚರೇ?" ಇನ್‌ಸ್ಪೆಕ್ಟರ್ ವೆಂಕಟ್ರಮಣ ಕೇಳಿದರು.

"ಸಂಶಯ ಎಂತದ್ದು ಸರ್? ಆ ಗಾನಶ್ರೀ ಟಾಂಕಿಯ ಒಳಗೆ ಬಳಿದದ್ದೇ ನೀರಿಗೆ ಬಿಟ್ಟುಕೊಂಡದ್ದು. ಬೇಡ ಅಂತ ನಾನು ಮೊದಲೇ ಹೇಳ್ಬೇಕಿತ್ತು."

ಗಾನಶ್ರೀ ಪುತ್ತೂರಿನ ಕಾಲೇಜೊಂದರಲ್ಲಿ ಸಂಶೋಧನೆ ಮಾಡುವವಳು, ವಯಸ್ಸು ಇಪ್ಪತ್ತೊಂಬತ್ತು. ರಬ್ಬರ್ ಹಾಲು ಮತ್ತು ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹದವಾಗಿ ಕಾಯಿಸಿ ಅವಳೊಂದು ಲೇಪ ಮಾಡಿದ್ದಳು. ಅದನ್ನು ಚಾಕುವಿನಿಂದ ಗೀರಿದರೆ ಒಂದು ದಿನದೊಳಗೆ ಗೀರು ತಾನಾಗಿ ಕೂಡಿಕೊಳ್ಳುತ್ತಿತ್ತು. ಮೇ ತಿಂಗಳಲ್ಲಿ ಸೋರುತ್ತಿದ್ದ ಶಾಲೆಯ ಸಿಮೆಂಟ್ ಟಾಂಕಿಗೆ ಅದನ್ನು ಬಳಿದು, ನೀರನ್ನು ಮೂರು ಸಲ ಪರೀಕ್ಷೆ ಮಾಡಿಸಿದ ಮೇಲೆಯೇ ಕುಡಿಯಲು ಬಿಟ್ಟಿದ್ದರು. 2.50ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಮಿನಲ್ಲಿ ಅವಳ ಹೆಸರು ಬಿತ್ತು. ಸಾಬೀತಾದರೆ ಜೈಲು, ನಾಲ್ಕು ವರ್ಷದ ದುಡಿಮೆ ಹೊಳೆಗೆ.

3.40ಕ್ಕೆ ವೆಂಕಟ್ರಮಣರು ಮಹಿಳಾ ಕಾನ್‌ಸ್ಟೇಬಲ್ ಝುಲೈಖಾ ಜೊತೆ ಶಾಲೆಗೆ ಬಂದರು. ಜಗಲಿಯಲ್ಲಿ ವಾಂತಿ ಹಾಗೇ ಬಿದ್ದಿತ್ತು, ಅದರ ಮೇಲೆ ನೊಣ. ಟಾಂಕಿಯ ಮುಚ್ಚಳ ತೆಗೆದರೆ ಸೊನೆಯ ಘಾಟು ಗಂಟಲಿಗೆ ಹೊಡೆಯಿತು. ನೀರಿನ ಮೇಲೆ ಕಂದು ಬಣ್ಣದ ಕೊಳಕು ನೊರೆ. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಕೊಳೆತ ಹೆಣ ಎತ್ತಿಸಿದ ಮನುಷ್ಯ ವೆಂಕಟ್ರಮಣ. ಇದು ಮಕ್ಕಳು ಬೊಗಸೆಯಲ್ಲಿ ಕುಡಿದ ನೀರು ಎಂದು ನೆನೆದದ್ದೇ ಬೇಲಿಯ ಹತ್ತಿರ ಹೋಗಿ ಉಗುಳಿ ಬಂದರು. ಇಬ್ಬರು ಪಂಚರ ಎದುರು ನೀರಿನ ಮಾದರಿ ತುಂಬಿಸಿ, ಸೀಲು ಮಾಡಿ, ಪಂಚನಾಮೆ ಬರೆದರು.

ಅಷ್ಟರಲ್ಲಿ ಗಾನಶ್ರೀಯೇ ಬಂದಳು. ಯಾರೂ ಕರೆಸಿರಲಿಲ್ಲ.

"ಈ ನೊರೆ ಎಂತದ್ದು?"

"ಹಸಿ ಸಿಪ್ಪೆ ಎಣ್ಣೆ ಸರ್. ಸೋಪಿನ ನೀರಲ್ಲಿ ಕದಡಿ ಹಾಕಿದ್ದಾರೆ. ಕಾಯಿಸಿದ ಮೇಲೆ ಆ ಸೊನೆ ಉಳಿಯುದಿಲ್ಲ. ನನ್ನ ಲೇಪದಿಂದ ಇದು ಬರ್ಲಿಕ್ಕೆ ಸಾಧ್ಯವೇ ಇಲ್ಲ."

"ಎಲ್ಲರೂ ಹಾಗೇ ಹೇಳುದು."

"ಹಾಗಾದ್ರೆ ನೀವೇ ಗೀರಿ ನೋಡಿ. ಕೆಟ್ಟಿದ್ರೆ ಅದು ಕೂಡುದಿಲ್ಲ."

ಪಂಚರು ನೋಡುತ್ತಿದ್ದ ಹಾಗೆ ವೆಂಕಟ್ರಮಣರು ಬ್ಲೇಡಿನಿಂದ ನೀರಿನ ಮಟ್ಟಕ್ಕಿಂತ ಮೇಲೆ ಸುತ್ತಲೂ ಹತ್ತು ಗೀರು ಎಳೆದರು. 5.15ಕ್ಕೆ ಮುಚ್ಚಳಕ್ಕೆ ಸೀಲು ಬಿತ್ತು, ಒಬ್ಬ ಪೇದೆಯನ್ನು ಕಾವಲಿಗೆ ಬಿಟ್ಟರು.

ಅಲ್ಲಿಂದ ಆಸ್ಪತ್ರೆಗೆ ಹೋದರೆ ಮಹಾಲಿಂಗ ಒಂದು ಗೋಣಿ ಎಳನೀರಿನ ಬೊಂಡ ತಂದು ಕೆತ್ತಿ ಕೊಡುತ್ತಿದ್ದ. ಶಾಲೆಯ ಹತ್ತಿರವೇ ಸಿಪ್ಪೆ ಎಣ್ಣೆಯ ಸಣ್ಣ ಗಾಣ ಇಟ್ಟುಕೊಂಡವನು, ವಯಸ್ಸು ಐವತ್ತೆಂಟು. ಗಾನಶ್ರೀಗೆ ಎಣ್ಣೆ ಕೊಡುತ್ತಿದ್ದವನೂ ಅವನೇ. ಬೊಂಡದ ನೀರು ತುಟಿಗೆ ತಾಗಿದ್ದೇ ಮಕ್ಕಳು ಉರಿ ಎಂದು ಅಳುತ್ತಿದ್ದವು.

"ನನ್ನ ಎಣ್ಣೆ ಮೂವತ್ತು ವರ್ಷದಿಂದ ಉಂಟು ಸರ್, ಒಬ್ಬರಿಗೂ ಎಂತ ಆಗ್ಲಿಲ್ಲ. ಕಲಿತವರ ಕೈಗೆ ಹೋದ ಮೇಲೆ ನೋಡಿ ಹೀಗೆ" ಎನ್ನುತ್ತಾ ವೆಂಕಟ್ರಮಣರ ಕೈಗೂ ಒಂದು ಬೊಂಡ ಕೊಟ್ಟ. ಬಾಯಾರಿತ್ತು, ಕುಡಿದರು.

ಬುಧವಾರ ಸಂಜೆ 5.30ಕ್ಕೆ ಸೀಲು ಒಡೆದರು. ಒಂಬತ್ತು ಗೀರು ಎಲ್ಲಿ ಎಳೆದದ್ದೆಂದೇ ತಿಳಿಯದ ಹಾಗೆ ಕೂಡಿದ್ದವು. ಟಾಂಕಿಯ ಬಾಯಿಯ ಕೆಳಗಿನ ಹತ್ತನೆಯದು ಮಾತ್ರ ಹಾಗೇ ತೆರೆದುಕೊಂಡಿತ್ತು.

"ಎಂತ ಇದು?" ವೆಂಕಟ್ರಮಣರ ದನಿ ಗಡುಸಾಯಿತು. "ಕೆಟ್ಟಿದೆ ಅಂತಲೇ ಆಯ್ತಲ್ಲ?"

ಗಾನಶ್ರೀ ಬಗ್ಗಿ ಟಾರ್ಚನ್ನು ಓರೆಯಾಗಿ ಹಿಡಿದಳು.

"ಎಣ್ಣೆ ಸರ್. ಎಣ್ಣೆಯ ಪಸೆ ಇದ್ದಲ್ಲಿ ಮಾತ್ರ ಇದು ಕೂಡುದಿಲ್ಲ. ನೋಡಿ, ಕೈ ಊರಿದ್ದಾರೆ."

ಅಂಗೈ, ನಾಲ್ಕು ಬೆರಳಿನ ಅಚ್ಚು. ಒಳಗೆ ಬಗ್ಗಲು ಯಾರೋ ಎಡಗೈ ಊರಿದ್ದರು. ಝುಲೈಖಾ ಇಣುಕಿ, ಮೂಸಿ ನೋಡಿದಳು.

"ತೆಂಗಿನೆಣ್ಣೆ ಸರ್. ನಮ್ಮ ಉಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೋಗ್ತಿದ್ರು. ಸೊನೆ ಸುಡ್ತದೆ ಅಂತ ಎರಡೂ ಕೈಗೆ ತೆಂಗಿನೆಣ್ಣೆ ಹಚ್ಚದೆ ಸಿಪ್ಪೆ ಮುಟ್ಟುವ ಕ್ರಮವೇ ಇಲ್ಲ."

"ನೀವು ಹಚ್ಚುದುಂಟಾ?" ವೆಂಕಟ್ರಮಣರು ಗಾನಶ್ರೀಯನ್ನು ಕೇಳಿದರು.

"ನಮ್ಮದೆಲ್ಲ ಗ್ಲೌಸು ಸರ್. ಎಣ್ಣೆ ಹಚ್ಚಿದ್ರೆ ಲೇಪವೇ ಹಾಳು."

ಮಂಗಳೂರಿನಿಂದ ಬಂದ ಬೆರಳಚ್ಚು ತಜ್ಞರು ಅಚ್ಚು ಎತ್ತಿಕೊಂಡು ಹೋದರು.

ಗುರುವಾರ ಬೆಳಿಗ್ಗೆ 10ಕ್ಕೆ ವೆಂಕಟ್ರಮಣರು ವಸುಮತಿ ಟೀಚರಿಂದ ಶಾಲೆಯ ಹಾಜರಿ ಪುಸ್ತಕ ತರಿಸಿದರು. ಮಂಗಳವಾರ ಗೈರುಹಾಜರಾದದ್ದು ಒಂದೇ ಮಗು. ಮೂರನೇ ಕ್ಲಾಸಿನ ತೃಷಾ. ಜೂನ್ ತಿಂಗಳಿಂದ ಒಂದು ದಿನವೂ ತಪ್ಪಿಸಿದವಳಲ್ಲ.

"ಯಾರ ಮಗು?"

"ಮಹಾಲಿಂಗಣ್ಣನ ಮೊಮ್ಮಗಳು" ಎಂದರು ವಸುಮತಿ. "ಜ್ವರ ಅಂತ ಅಜ್ಜನೇ ಫೋನು ಮಾಡಿದ್ರು." ಹೇಳಿದ ಮೇಲೆ ಅವರಿಗೇ ಅರ್ಥವಾಗಿ ಹಾಜರಿ ಪುಸ್ತಕ ಮುಚ್ಚಿಟ್ಟರು.

ಥೂ, ಇಂಥವನ ಕೈಯಿಂದ ಬೊಂಡ ಕುಡಿದೆನಲ್ಲ ಎಂದು ವೆಂಕಟ್ರಮಣರಿಗೆ ನಾಲಿಗೆ ಉಜ್ಜಿಕೊಳ್ಳುವಷ್ಟು ಹೇಸಿಗೆಯಾಯಿತು. ತನ್ನ ಮನೆಯ ಕೂಸನ್ನು ಬದಿಗೆ ಎತ್ತಿಟ್ಟುಕೊಂಡು ಊರಿನ ಕೂಸುಗಳಿಗೆ ವಿಷ ಹಾಕಿದವನನ್ನು ಏನೆಂದು ಕರೆಯಬೇಕು? ಪೊಲೀಸ್ ಬೈಗಳಲ್ಲೂ ಅದಕ್ಕೆ ತಕ್ಕ ಮಾತು ಸಿಗುವುದಿಲ್ಲ.

11.20ಕ್ಕೆ ಗಾಣದ ಹತ್ತಿರ ಜೀಪು ನಿಂತಿತು. ಮಹಾಲಿಂಗ ಅಂಗಳದಲ್ಲಿದ್ದ. ಕೈ ಎಣ್ಣೆಯಿಂದ ಹೊಳೆಯುತ್ತಿತ್ತು.

"ಬನ್ನಿ ಸರ್, ಮಜ್ಜಿಗೆ ಕುಡಿತೀರಾ?"

"ಬೇಡ. ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ಎಲ್ಲಿದ್ದಿರಿ?"

"ಇಲ್ಲೇ."

"ತೃಷಾಗೆ ಯಾವ ಡಾಕ್ಟರಲ್ಲಿ ಮದ್ದು?"

ಮಹಾಲಿಂಗ ಕೈಯನ್ನು ಲುಂಗಿಗೆ ಒರೆಸಿಕೊಂಡ.

"ಒರೆಸಿ ಪ್ರಯೋಜನ ಇಲ್ಲ ಮಾರಾಯ್ರೆ. ಕೈ ಟಾಂಕಿಯಲ್ಲಿ ಉಂಟು."

ಅವನಿಂದ ತೆಗೆಸಿದ ಬೆರಳಚ್ಚು ಟಾಂಕಿಯದಕ್ಕೆ ತಾಳೆಯಾಗಿ, ಮಧ್ಯಾಹ್ನ 1.45ಕ್ಕೆ ದಸ್ತಗಿರಿ ಆಯಿತು. ಠಾಣೆಯಲ್ಲಿ ಅವನು ಅಳಲೂ ಇಲ್ಲ, ಕೈ ಮುಗಿಯಲೂ ಇಲ್ಲ.

"ಸ್ವಲ್ಪ ಬಾಯಿ ಉರಿಯಲಿ ಅಂತ ಮಾಡಿದ್ದು. ಅಷ್ಟು ಕುಡಿತಾವೆ ಅಂತ ಗೊತ್ತಿರ್ಲಿಲ್ಲ."

"ಯಾಕೆ?"

"ಆ ಹದ ನನ್ನದು ಸರ್. ಮೂವತ್ತು ವರ್ಷದಿಂದ ತೂತಾದ ಬಾಲ್ದಿಗೆಲ್ಲ ಇದನ್ನೇ ನಾನು ಕಾಯಿಸಿ ಹಾಕ್ತಿದ್ದದ್ದು. ಆ ಹುಡುಗಿ ಎಂಟು ತಿಂಗಳು ನನ್ನ ಒಲೆಯ ಬುಡದಲ್ಲಿ ಕೂತು ಬರ್ಕೊಂಡ್ಳು, ನಮ್ಮಲ್ಲೇ ಊಟ ಮಾಡ್ತಿದ್ಳು. ಟಾಂಕಿ ಉದ್ಘಾಟನೆಗೆ ಕರೆದು ಅವಳ ಕಾಲೇಜಿನ ಸರ್ ನನ್ನ ಕೈಗೆ ಚಾದ ಟ್ರೇ ಕೊಟ್ರು. ಪೇಪರಲ್ಲಿ ಬಂತು, ಸ್ಥಳೀಯ ಕಚ್ಚಾವಸ್ತು ಬಳಸಿದ್ದು ಅಂತ. ಅಷ್ಟೇ."

"ಅದಕ್ಕೆ ಮಕ್ಕಳ ಬಾಯಿ ಸುಡುದಾ?"



ಸಂಜೆ ಗಾನಶ್ರೀಯ ಹೇಳಿಕೆ ಬರೆಸಿಕೊಂಡರು. ಆರೋಪಿಯ ಪಟ್ಟಿಯಿಂದ ಅವಳ ಹೆಸರು ಬಿಡಲು ವರದಿ ಹೋಗುತ್ತದೆ ಎಂದಾಗ ಅವಳಿಗೆ ಸಂತೋಷವೇನೂ ಆದಂತೆ ಕಾಣಲಿಲ್ಲ.

"ಹದ ತನ್ನದು ಅಂತ ಮಹಾಲಿಂಗ ಹೇಳಿದ್ದು ಹೌದಾ?"

"ಹೌದು ಸರ್. ಪ್ರಬಂಧದಲ್ಲಿ ಅವರ ಹೆಸರು ಮೊದಲು ಹಾಕಿದ್ದೆ. ಗಾಣದವನದ್ದು ಯಾಕೆ ಅಂತ ನಮ್ಮ ಸರ್ ತೆಗೆಸಿದ್ರು. ನಾನು ಸುಮ್ಮನಿದ್ದೆ."

"ನಿಮ್ಮ ಸರ್ ಮೇಲೆ ಹಾಕ್ಲಿಕ್ಕೆ ನನ್ನ ಹತ್ತಿರ ಕಲಂ ಇಲ್ಲ" ಎಂದರು ವೆಂಕಟ್ರಮಣ. ಎದುರು ಕೂತವಳ ಮೇಲೂ ಅವರಿಗೆ ಅಸಹ್ಯ ಹುಟ್ಟಿತ್ತು, ಅದನ್ನು ಮುಚ್ಚಿಡಲಿಲ್ಲ. "ನಿಮ್ಮ ಮೇಲೂ ಇಲ್ಲ."

ಅವಳು ಎದ್ದು ಬಾಗಿಲವರೆಗೆ ಹೋಗಿ ನಿಂತಳು.

"ಈಗ ಅವರ ಹೆಸರು ಹಾಕ್ಬೇಕಾ ಸರ್? ಆ ಮಕ್ಕಳನ್ನು ನೋಡಿದ ಮೇಲೂ?"

"ಹದ ಯಾರದ್ದು?"

"ಅವರದ್ದು."

"ಹಾಗಾದ್ರೆ ಹಾಕಿ. ವಾಕರಿಕೆ ಬಂದ್ರೂ ಹಾಕಿ."

ಅವಳು ಹೊರಗಿನ ಬೆಂಚಿನಲ್ಲಿ ಕೂತು, ಚೀಲದಿಂದ ಪ್ರಬಂಧದ ಪ್ರತಿ ತೆಗೆದು, ತನ್ನ ಹೆಸರಿನ ಮೇಲೆ ಮಹಾಲಿಂಗ ಎಂದು ಬರೆದಳು. ಆಮೇಲೆ ಬಸ್ಸು ಬರುವವರೆಗೂ ಆ ಹೆಸರು ಬರೆದ ಕೈಯನ್ನು ತನ್ನ ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡೇ ಕೂತಿದ್ದಳು.