ಒಂದೇ ಎಲೆಗೆ ಬಿದ್ದ ರೊಟ್ಟಿ

ಶಿಲ್ಪಶ್ರೀ ಆ ರೊಟ್ಟಿಯನ್ನು ಶಿವಶರಣನ ಎಲೆಯ ಅಂಚಿಗೆ ಜಾರಿಸಿದಾಗ ಯಾರೂ ನೋಡಲಿಲ್ಲ ಅಂದುಕೊಂಡಳು. ಸಾಲಿನಲ್ಲಿ ಕೂತವರೆಲ್ಲ ನೋಡಿದ್ದರು.

ಅವನು ತಲೆ ಎತ್ತಿದ. ನೋಟ ರೊಟ್ಟಿಯಿಂದ ಅವಳ ಕೈಗೆ, ಕೈಯಿಂದ ಮುಖಕ್ಕೆ ಬಂತು. ಆ ಕಣ್ಣು ತನ್ನ ಕಡೆ ಯಾವಾಗ ತಿರುಗುತ್ತದೋ ಎಂದು ದಿನಾ ಕಾಯುತ್ತಿದ್ದವಳಿಗೆ ಇವತ್ತು ಒಮ್ಮೆ ಬೇರೆ ಕಡೆ ನೋಡಿದರೆ ಸಾಕಪ್ಪ ಅನ್ನಿಸಿತು.

ಪಕ್ಕದ ಎಲೆಯ ಮುದುಕಿ ಅವನ ರೊಟ್ಟಿಯನ್ನು ನೋಡಿದಳು, ತನ್ನ ಅನ್ನವನ್ನು ನೋಡಿದಳು. "ಎನಕ್ಕು ಇಲ್ಲಿಯಾಮ್ಮಾ?" ಎಂದು ತಮಿಳಿನಲ್ಲಿ ಕೇಳಿದಳು, ನನಗಿಲ್ಲವೇನಮ್ಮಾ ಎಂದು. ಕೇಳಿದ್ದು ಜಗಳಕ್ಕಲ್ಲ, ಬರೀ ಆಸೆಗೆ. ಇನ್ನೊಂದು ರೊಟ್ಟಿ ಇರಲಿಲ್ಲ.

ಶಿವಶರಣ ಎಲೆ ಮಡಚಿ, ಅರ್ಧ ಊಟದಲ್ಲೇ ಎದ್ದು ಹೋದ.

ತ್ರಿಪ್ಲಿಕೇನಿನ ಲಾಡ್ಜುಗಳ ನಡುವೆ, ಒಂದು ಮಹಡಿಯ ಮೇಲಿನ ಉದ್ದನೆಯ ಹಾಲ್‌ನಲ್ಲಿ ಈ ದಾಸೋಹ ನಡೆಯುತ್ತದೆ. ಚೆನ್ನೈಗೆ ಬಂದು ನೆಲೆಸಿದ ಲಿಂಗಾಯತ ಕುಟುಂಬಗಳು ನಡೆಸುವುದು. ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದವರ ಕಡೆಯವರಿಗೆ ಮಧ್ಯಾಹ್ನದ ಊಟ. ಅಕ್ಕಿ ಒಬ್ಬರು ಕಳಿಸುತ್ತಾರೆ, ಬೇಳೆ ಇನ್ನೊಬ್ಬರು. ಹೆಚ್ಚುವುದು, ಬಡಿಸುವುದು, ಬಳಿಯುವುದು ಬಿಡುವಿದ್ದವರ ಕೆಲಸ. ಶಿಲ್ಪಶ್ರೀಯ ಅಪ್ಪ ಮುರುಗೆಪ್ಪನವರಿಗೆ ಸೌಕಾರಪೇಟೆಯಲ್ಲಿ ಬಟ್ಟೆ ವ್ಯಾಪಾರ. ಅಕ್ಕಿ ಅವರದೇ. ಬಂದ ದಿನ ಅವರೂ ಸಾಲಿನ ಕೊನೆಯಲ್ಲಿ ಕೂತು ಅದನ್ನೇ ಉಣ್ಣುತ್ತಾರೆ. ಅಲ್ಲಿ ಪಂಕ್ತಿಭೇದ ಆಗಬಾರದು. ಒಂದು ಸಾಲಿಗೆ ಒಂದೇ ಅಡುಗೆ, ಯಾರೇ ಕೂತಿರಲಿ. ಚಿಕ್ಕಂದಿನಿಂದ ಕೇಳಿ ಬೆಳೆದ ಈ ಮಾತನ್ನು ಶಿಲ್ಪಶ್ರೀ ಅವತ್ತು ಮುರಿದಿದ್ದಳು.

ಅಡುಗೆಮನೆ ನೋಡಿಕೊಳ್ಳುವ ಕಲ್ಯಾಣಮ್ಮ ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಕೂಗಾಡುವ ಅಭ್ಯಾಸ ಅವರಿಗಿಲ್ಲ. ಹತ್ತಿರ ಬಂದು ಕೈ ಚಾಚಿ ಸೌಟು ಇಸಕೊಂಡರು.

"ಅತ್ತೆ, ನಾನು..."

"ಹಿಂದೆ ಹೋಗಿ ಪಾತ್ರೆ ತೊಳಿ. ನಾನು ಹೇಳೋ ತನಕ ಬಡಿಸೋಕೆ ಬರಬೇಡ."

ಶಿವಶರಣ ಮೊದಲು ಬಂದಾಗ ಅವಳು ಅವನನ್ನು ಹೊಸ ವಾಲಂಟಿಯರ್ ಅಂದುಕೊಂಡಿದ್ದಳು. ಮೊದಲ ಪಂಕ್ತಿಯಲ್ಲಿ ಉಂಡು, ಕೈ ತೊಳೆದು, ಎರಡನೇ ಪಂಕ್ತಿಗೆ ತಾನೇ ಅನ್ನದ ಬುಟ್ಟಿ ಹಿಡಿದಿದ್ದ. ಬಾಗಲಕೋಟೆ ಕಡೆಯವನು, ಇಲ್ಲೇ ಚೆನ್ನೈನ ಮಣಲಿಯ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ಸೂಪರ್‌ವೈಸರ್, ತಾಯಿಗೆ ಹೃದಯದ ಆಪರೇಷನ್ ಆಗಿದೆ ಎಂಬುದೆಲ್ಲ ಆಮೇಲೆ ಅವನೇ ಹೇಳಿ ಗೊತ್ತಾಯಿತು.

ಅನ್ನದವನು ಮುಂದೆ, ಸಾಂಬಾರಿನವಳು ಹಿಂದೆ. ಅವನು ಬೇಕೆಂದೇ ನಿಧಾನ ಮಾಡುತ್ತಿದ್ದ. ಬಿಸಿ ಬಕೆಟ್ ಹಿಡಿದು ಅವಳು ಅವನ ಬೆನ್ನಿಗೇ ನಿಲ್ಲಬೇಕು. "ಸೀಕ್ರಂ ನಡೀರಿ" ಎಂದು ಗದರಿದರೆ, ನಿಮ್ಮ ಕನ್ನಡಕ್ಕ ಒಂದು ತಮಿಳು ಒಗ್ಗರಣಿ ಬಿದ್ದದ ನೋಡ್ರಿ ಎಂದು ಹಿಂದಿರುಗಿ ನೋಡದೆ ಹೇಳುತ್ತಿದ್ದ. ಅವನ ಕಿವಿಯ ಹಿಂದೆ ಬೆವರು ಇಳಿಯುವುದು ಅವಳಿಗೆ ಕಾಣುತ್ತಿತ್ತು. ಬೇಡವೆಂದರೂ ಕಾಣುತ್ತಿತ್ತು.

ಈ ಊರಿನಲ್ಲಿ ಅನ್ನ ತಿಂದು ತಿಂದು ಬಾಯಿ ಸಪ್ಪಗಾಗಿದೆ, ಜೋಳದ ರೊಟ್ಟಿ ಕನಸಿನಲ್ಲಿ ಬರುತ್ತದೆ ಎಂದು ಅವನು ಒಮ್ಮೆ ನಗುತ್ತಾ ಹೇಳಿದ್ದ. ಅವಳು ಹಿಟ್ಟು ತರಿಸಿ ತಟ್ಟಲು ಕೂತಳು. ಎಲ್ಲ ಒಡೆದವು, ಬೆರಳು ಸುಟ್ಟಿತು. ಕೊನೆಗೆ ಒಂದು ರೊಟ್ಟಿ ರೊಟ್ಟಿಯ ಆಕಾರಕ್ಕೆ ಬಂತು. ಆ ಒಂದನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು.

ಆದರೆ ಅದರ ಹಿಂದಿನ ದಿನ ಇನ್ನೊಂದು ನಡೆದಿತ್ತು. ಮೆಟ್ಟಿಲ ಮೇಲೆ ನಿಂತು ಅವನು ಫೋನಿನಲ್ಲಿ ಮಾತಾಡುತ್ತಿದ್ದಾಗ ಅವಳು ಇಳಿದು ಬಂದಳು. ರಜೆ ಜಾಸ್ತಿಯಾಯಿತೆಂದು ಕಾಂಟ್ರಾಕ್ಟರ್ ಅವನ ಜಾಗಕ್ಕೆ ಬೇರೆಯವನನ್ನು ತಗೊಂಡಿದ್ದ. ಅವಳಿಗೆ ಕೇಳಿಸಿತೆಂದು ಅವನಿಗೂ ಗೊತ್ತಾಯಿತು. ಅವಳು ಅವನನ್ನು ದಾಟಿ ಇಳಿದು ಹೋದಳು. ಮರುದಿನ ಎಲ್ಲರ ಮುಂದೆ ಅವನ ಎಲೆಗೆ ಮಾತ್ರ ರೊಟ್ಟಿ ಬಿತ್ತು. ಅವನು ಏನು ತಿಳಿದಿರಬಹುದು ಎಂದು ಅವಳಿಗೆ ಹೊಳೆದದ್ದು ಅನ್ನದ ಹಂಡೆ ಉಜ್ಜುವಾಗ. ಕೈ ಅಲ್ಲೇ ನಿಂತಿತು.

ಅವನು ಮತ್ತೆ ಬರಲಿಲ್ಲ. ಅವಳ ಮೆಸೇಜ್ ಓದುತ್ತಿದ್ದ, ನೀಲಿ ಗೆರೆ ಬೀಳುತ್ತಿತ್ತು, ಉತ್ತರ ಇಲ್ಲ. ಶುಕ್ರವಾರ ಊಟಕ್ಕೆ ಬಂದ ನರ್ಸಮ್ಮ ಒಬ್ಬರು ಬಾಗಲಕೋಟೆಯ ಅಮ್ಮನಿಗೆ ನಾಳೆ ಬೆಳಿಗ್ಗೆ ಡಿಸ್ಚಾರ್ಜ್, ಸೀದಾ ಊರಿಗೆ ಹೋಗುತ್ತಾರಂತೆ ಎಂದರು. ಶಿಲ್ಪಶ್ರೀ ಕಲ್ಯಾಣಮ್ಮನ ಮುಂದೆ ಹೋಗಿ ನಾಳೆ ಪಾತ್ರೆಗೂ ಬರುವುದಿಲ್ಲ ಅಂದಳು. ಅವರು ಹುಣಸೆಹಣ್ಣು ಕಿವುಚುತ್ತಿದ್ದರು. ಹೂಂ ಎಂದು ತಲೆಯಾಡಿಸಿದರು.

ಮರುದಿನ ವಾರ್ಡ್‌ನಲ್ಲಿ ಮಂಚದ ಮೇಲೆ ತಾಯಿ ಒಬ್ಬರೇ ಕೂತಿದ್ದರು. ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಮಾತ್ರೆಯ ಚೀಲ.

"ಯಾರವಾ ನೀ?"

"ದಾಸೋಹದಿಂದ ಬಂದೆ, ಅಮ್ಮಾ."

ಅವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ರೊಟ್ಟಿ ತಂದಾಕಿ ನೀನಽ ಏನು? ಅವತ್ತಿಂದ ನನ್ನ ಮಗ ಸಿಟ್ಟಿಲೆ ಇಡ್ಲಿ ತಿನ್ನಾಕತ್ತಾನ. ಹೋಗು, ವರಾಂಡದಾಗ ಅದಾನ."

ವರಾಂಡದ ಕಿಟಕಿಯ ಹತ್ತಿರ ಅವನು ಬ್ಯಾಗಿನ ಜಿಪ್ ಜೊತೆ ಗುದ್ದಾಡುತ್ತಿದ್ದ. ಅವಳನ್ನು ಕಂಡು ಕೈ ನಿಲ್ಲಿಸಿದ, ಏಳಲಿಲ್ಲ.

"ಊಟ ತಂದೀರೇನ್ರಿ?"

ಅದು ಚುಚ್ಚಲೆಂದೇ ಆಡಿದ ಮಾತು. ಚುಚ್ಚಿತು.

"ಇಲ್ಲ. ಬರಿಗೈಯಲ್ಲಿ ಬಂದಿದೀನಿ."

"ನೋಡ್ರಿ, ಆ ಸಾಲಿನ್ಯಾಗ ಕೂತಾಗ ನನಗ ಯಾವತ್ತೂ ನಾಚಿಕಿ ಆಗಿದ್ದಿಲ್ಲ. ಎಲ್ಲಾರಂಗ ಕೂತಿದ್ದೆ, ಉಂಡಿದ್ದೆ. ನೀವು ಒಂದು ರೊಟ್ಟಿ ಹಾಕಿ ನನ್ನ ಭಿಕ್ಷುಕನ್ನ ಮಾಡಿದ್ರಿ. ಕೆಲಸ ಹೋತು ಅಂತ ಗೊತ್ತಾದ ಮರುದಿನನಽ."

ಶಿಲ್ಪಶ್ರೀ ಕಿಟಕಿಯ ಹತ್ತಿರ ಬಂದಳು. ಅತ್ತರೆ ಅವನು ಸಮಾಧಾನ ಮಾಡಬೇಕಾಗುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅವಳು ಅಳಲಿಲ್ಲ.

"ಹಿಟ್ಟು ತರಿಸಿದ್ದು ಅದಕ್ಕೂ ಮೊದಲೇ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಸಾಲಲ್ಲಿ ಹಾಕಿದ್ದು ತಪ್ಪು, ಒಪ್ಕೊಂಡೆ. ಆ ಮುದುಕಿ ಮುಖ ಇನ್ನೂ ಕಣ್ಣ ಮುಂದಿದೆ." ಅವಳು ಕಿಟಕಿಯ ಸರಳು ಹಿಡಿದಳು. "ಆದ್ರೆ ಒಂದು ಯೋಚನೆ ಮಾಡಿ. ಕನಿಕರ ಆಗಿದ್ರೆ ನಿಮಗೂ ಎಲ್ಲರಿಗೆ ಬಡಿಸಿದ್ದನ್ನೇ ಬಡಿಸ್ತಿದ್ದೆ. ಅದಕ್ಕೆ ಅಂತಾನೇ ದಾಸೋಹ ಇರೋದು. ಬೇರೆ ಬಡಿಸಿದ್ದು ಯಾಕೆ ಅಂದ್ರೆ, ನನಗೆ ನೀವು ಎಲ್ಲರ ಥರ ಅಲ್ಲ. ಹುಟ್ಟಿದಾಗಿಂದ ಮುರೀದೇ ಇದ್ದ ಮಾತನ್ನ ಮುರಿದೆ. ಭಿಕ್ಷೆ ಹಾಕೋಕೆ ಯಾರಾದ್ರೂ ಅಷ್ಟು ಮಾಡ್ತಾರಾ?"

ಅವನು ಜಿಪ್ಪನ್ನು ಒಮ್ಮೆ ಎಳೆದು ಬಿಟ್ಟ. ಕೆಳಗೆ ಆಂಬುಲೆನ್ಸ್ ಒಂದು ಕೂಗುತ್ತಾ ಒಳಗೆ ಬಂತು.

"ಕೆಲಸ ಇಲ್ಲದಾಂವಗ ಇದನ್ನ ಹೇಳಾಕತ್ತೀರಿ."

"ಗೊತ್ತು. ಹುಡುಕ್ಕೊಳ್ಳಿ. ನಾನು ಹುಡುಕಿ ಕೊಡಲ್ಲ."

ತಡೆಯಲಾಗದೆ ಅವನಿಗೆ ನಗು ಬಂತು. ಮುಖ ತಿರುಗಿಸಿದರೂ ಕೆನ್ನೆ ಅಲುಗಿದ್ದು ಅವಳಿಗೆ ಕಂಡಿತು. ಅವ್ವನನ್ನು ಅಕ್ಕನ ಮನೆಯಲ್ಲಿ ಬಿಟ್ಟು ಅಲ್ಲೇ ಉಳಿಯಬೇಕು ಎಂದುಕೊಂಡಿದ್ದನಂತೆ, ಈ ಊರಿಗೆ ಮತ್ತೆ ಕಾಲಿಡುವುದಿಲ್ಲ ಎಂದು. ಇಲ್ಲೇ ಚೆನ್ನೈನ ಕ್ರೋಂಪೇಟೆಯಲ್ಲಿ ಗೆಳೆಯನೊಬ್ಬ ಒಂದು ಕೆಲಸ ಇದೆ ಬಾ ಎಂದು ಕರೆದರೂ ಒಲ್ಲೆ ಅಂದಿದ್ದನಂತೆ.

"ಈಗ?" ಅಂದಳು. ಕೈ ಇನ್ನೂ ಸರಳಿನ ಮೇಲೇ ಇತ್ತು.

ಅವನು ಎದ್ದು ನಿಂತ. ಸರಳಿನ ಮೇಲೆ, ಅವಳ ಬೆರಳಿಗೆ ತಾಗುವಷ್ಟು ಹತ್ತಿರ ತನ್ನ ಕೈ ಇಟ್ಟ.

"ಅವತ್ತಿಂದ ಭಾಳ ಕಷ್ಟಪಟ್ಟು ಸಿಟ್ಟು ಕಾಯ್ಕೊಂಡು ಬಂದಿದ್ದೆ, ಶಿಲ್ಪಾ. ಎಲ್ಲಾ ಹಾಳು ಮಾಡಿದಿ. ಬರ್ತೀನಿ. ಅವ್ವ ನಾಕು ಹೆಜ್ಜಿ ತಾನಽ ನಡಿಯುವಂಗ ಆಗ್ಲಿ, ಬರ್ತೀನಿ."

ವಾರ್ಡಿನೊಳಗಿಂದ ತಾಯಿಯ ದನಿ ಬಂತು. "ಮುಗೀತೇನಪಾ ನಿಮ್ಮ ಜಗಳ? ಆಟೋದವ ಎಷ್ಟೊತ್ತು ನಿಲ್ತಾನ?"

"ಇಲ್ಲವ್ವಾ, ಈಗರ ಶುರು ಆಗೇದ" ಎಂದ ಶಿವಶರಣ, ತಾಯಿಯನ್ನು ಇಳಿಸಲು ಒಳಗೆ ಹೋಗುತ್ತಾ.

ಶಿಲ್ಪಶ್ರೀ ಬಗ್ಗಿ ಬ್ಯಾಗ್ ಎತ್ತಿಕೊಂಡಳು. ಅವನು ತಿರುಗಿ ನೋಡಿದ. ಬೇಡ ಅನ್ನಲಿಲ್ಲ.